ತೂತು ಹುಡುಕುವ ಬೆರಳು: ಮರದ ಮಣಿಗಳ ಜೊತೆ ಒಂಬತ್ತು ತಿಂಗಳು

"ಮೇಡಂ, ಇವನು ಬರೆಯೋಕೆ ಸೋಮಾರಿ."

ಜೂನ್ ಕೊನೆಯ ವಾರ ಹುಡುಗನ ತಾಯಿ ನನ್ನೆದುರು ಕೂತು ಮೊದಲು ಹೇಳಿದ್ದು ಇಷ್ಟೇ. ಕೈಯಲ್ಲಿ ಶಾಲೆಯ ಕಾಪಿ ಪುಸ್ತಕ ಇತ್ತು. ಅದರಲ್ಲಿ 'ಅ' ಒಂದು ಸಾಲಿನಲ್ಲಿ ಶುರುವಾಗಿ ಮೂರನೇ ಸಾಲಿಗೆ ಇಳಿದಿತ್ತು. 'ಈ' ಅಂತ ಬರೆದದ್ದು ಜಿಲೇಬಿ ಥರ ಸುತ್ತಿಕೊಂಡಿತ್ತು. ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಮನೆಯಲ್ಲಿ ಅಭ್ಯಾಸ ಮಾಡಿಸಿ' ಅಂತ ಟೀಚರ್ ಬರೆದಿದ್ದರು. ಮನೆಯವರು ಅಭ್ಯಾಸ ಮಾಡಿಸಿಯೂ ಇದ್ದರು. ದಿನಾ ರಾತ್ರಿ ನಾಲ್ಕು ಪುಟ. ಪುಟಕ್ಕೊಂದು ಅಳು.

ಹುಡುಗನಿಗೆ ಆಗ ಐದು ವರ್ಷ ಎಂಟು ತಿಂಗಳು. ಯುಕೆಜಿ. ಊರು ಮಂಡ್ಯದ ಹತ್ತಿರದ ಒಂದು ಹಳ್ಳಿ. ಹೆಸರು ಬೇಡ, ಮನೆಯವರು ಕರೆಯುವ ಹಾಗೆ ಪುಟ್ಟು ಅನ್ನೋಣ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅಜ್ಜಿ ಇದ್ದಾರೆ. ಒಂದೂವರೆ ವರ್ಷದ ತಂಗಿ ಇದ್ದಾಳೆ. ಸೋದರಮಾವ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಈ ಮಾವ ಮತ್ತು ಆ ತಂಗಿ, ಇಬ್ಬರನ್ನೂ ನೆನಪಿಡಿ. ಮುಂದೆ ಇಬ್ಬರಿಂದಲೂ ಕೆಲಸ ಇದೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಮಕ್ಕಳ ಕೈ ಕೆಲಸ, ಕಣ್ಣು ಕೈ ಹೊಂದಾಣಿಕೆ, ಊಟ, ಬಟ್ಟೆ, ಬರವಣಿಗೆ, ಇವೇ ನನ್ನ ದಿನದ ವ್ಯವಹಾರ. ಹಾಗಿದ್ದೂ ಈ ಪ್ರಕರಣದಲ್ಲಿ ಮೊದಲು ಎಡವಿದ್ದು ನಾನೇ. ಅದನ್ನು ಬಿಟ್ಟು ಬರೆದರೆ ಈ ಕಥೆಗೆ ಅರ್ಥವಿಲ್ಲ.

ಮೊದಲ ದಿನ ಕಂಡದ್ದು

ಪುಟ್ಟು ಪೆನ್ಸಿಲನ್ನು ಹೆಬ್ಬೆರಳು ಮೇಲೆ ಸುತ್ತಿ ಗಟ್ಟಿಯಾಗಿ ಹಿಡಿಯುತ್ತಿದ್ದ. ಬರೆಯುವಾಗ ಬೆರಳು ಆಡುತ್ತಿರಲಿಲ್ಲ, ಇಡೀ ಮಣಿಕಟ್ಟೇ ಓಡಾಡುತ್ತಿತ್ತು. ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಐದು ಹುಣಸೆ ಬೀಜ ಒಂದೇ ಮುಷ್ಟಿಯಲ್ಲಿ ಹಿಡಿದು, ಒಂದೊಂದಾಗಿ ಬೆರಳ ತುದಿಗೆ ತಂದು ಡಬ್ಬಿಗೆ ಹಾಕು ಅಂದೆ. ಎರಡು ಹಾಕುವಷ್ಟರಲ್ಲಿ ಉಳಿದ ಮೂರು ನೆಲದ ಮೇಲೆ.

ನೋಡಿ ಬರೆಯುವ ಚಿತ್ರಗಳಲ್ಲಿ ವೃತ್ತ ಬಂತು, ಕೂಡಿಸುವ ಗುರುತು ಬಂತು. ಚೌಕದ ಮೂಲೆಗಳು ಮಾತ್ರ ಬದನೆಕಾಯಿ ಥರ ದುಂಡಗಾದವು. ತ್ರಿಕೋನ ಬರಲೇ ಇಲ್ಲ. ಮಕ್ಕಳು ಇವನ್ನು ಕಲಿಯುವುದು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ. ಸುಮಾರು 3 ವರ್ಷಕ್ಕೆ ವೃತ್ತ, 4ರ ಹೊತ್ತಿಗೆ ಕೂಡಿಸುವ ಗುರುತು, ನಾಲ್ಕೂವರೆ ಐದಕ್ಕೆ ಚೌಕ, 5 ದಾಟುವಾಗ ತ್ರಿಕೋನ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪುಟ್ಟು ಸ್ವಲ್ಪ ಜಾಸ್ತಿಯೇ ಹಿಂದಿದ್ದ.

ಮಾತು ಚೆನ್ನಾಗಿತ್ತು. ಲೆಕ್ಕ ಚುರುಕು. ಅಜ್ಜಿ ಹೇಳಿದ ಕಥೆಯನ್ನು ಹೆಸರು ಸಮೇತ ಒಪ್ಪಿಸುತ್ತಿದ್ದ. ಹಾಗಾಗಿ ನಾನು ತೀರ್ಮಾನ ಮಾಡಿಬಿಟ್ಟೆ: ಕೈ ಬೆರಳಿನ ಸಣ್ಣ ಸ್ನಾಯುಗಳಿಗೆ ಕೆಲಸ ಸಾಲದು. ಬರೆಸುವುದು ನಿಲ್ಲಿಸಿ, ಚಪಾತಿ ಹಿಟ್ಟು ನಾದಿಸಿ, ಬಟ್ಟೆ ಕ್ಲಿಪ್ಪು ಹಾಕಿಸಿ, ಮಣಿ ಪೋಣಿಸಿ ಅಂದೆ. ಬರೆಸುವುದು ನಿಂತಿತು ಅಂತ ಹುಡುಗನಿಗೆ ನಾನು ಆವತ್ತೇ ಇಷ್ಟವಾದೆ.

ಮೂರು ವಾರ ವ್ಯರ್ಥ

ಹಿಟ್ಟು ನಾದುವುದರಲ್ಲಿ ಪುಟ್ಟು ಬೇಗ ಪಳಗಿದ. ಕ್ಲಿಪ್ಪು ಕೂಡ. ಮಣಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಇಪ್ಪತ್ತೈದು ಮಿಲಿಮೀಟರ್ ದಪ್ಪದ ಮರದ ಮಣಿ, ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕದು. ಶೂ ಲೇಸು. ಹತ್ತು ಮಣಿ ಪೋಣಿಸಲು ಮೂರು ನಿಮಿಷ ನಲವತ್ತು ಸೆಕೆಂಡು. ಮೂರನೇ ವಾರವೂ ಅಷ್ಟೇ.

ಆಗ ಸುಮ್ನೆ ಕೂತು ಅವನ ಕೈಯನ್ನಷ್ಟೇ ನೋಡಿದೆ. ಅವನು ಲೇಸಿನ ತುದಿಯನ್ನು ತೂತಿಗೆ ನೇರ ಒಯ್ಯುತ್ತಿರಲಿಲ್ಲ. ಮೊದಲು ಎಡಗೈಯ ತೋರುಬೆರಳಿನಿಂದ ಮಣಿಯನ್ನು ಸವರಿ ತೂತು ಎಲ್ಲಿದೆ ಅಂತ ಹುಡುಕುತ್ತಿದ್ದ. ಆಮೇಲೆ ಆ ಬೆರಳಿನ ಪಕ್ಕಕ್ಕೆ ಲೇಸನ್ನು ತಂದು, ಜಾರಿಸಿ ಒಳಗೆ ತೂರಿಸುತ್ತಿದ್ದ. ಬೆರಳು ತೆಗೆ, ನೋಡಿ ಹಾಕು ಅಂದರೆ ಲೇಸಿನ ತುದಿ ಮಣಿಯ ಮುಂದೆ ಗಾಳಿಯಲ್ಲಿ ನಿಲ್ಲುತ್ತಿತ್ತು, ಇಲ್ಲವೇ ಮಣಿಗೆ ಗುದ್ದುತ್ತಿತ್ತು. ಕೈಯಲ್ಲಿ ಬಲ ಇತ್ತು. ದೂರದ ಅಂದಾಜು ಇರಲಿಲ್ಲ.

ತಾಯಿಯನ್ನು ಕೇಳಿದೆ. "ಚೊಂಬಿಂದ ಲೋಟಕ್ಕೆ ನೀರು ಬಗ್ಗಿಸ್ತಾನಾ?"

"ಅಯ್ಯೋ, ಅರ್ಧ ಆಚೆಗೇ ಹೋಗತ್ತೆ ಮೇಡಂ. ಅದಕ್ಕೆ ಬೈಸ್ಕೊಳ್ತಾನೆ."

"ಚೆಂಡು ಎಸೆದ್ರೆ?"

"ಎದೆಗೆ ಬಡಿದ ಮೇಲೆ ಕೈ ಮುಚ್ತಾನೆ."

ಈ ಎರಡು ಪ್ರಶ್ನೆ ನಾನು ಮೊದಲ ದಿನವೇ ಕೇಳಬೇಕಿತ್ತು. ಕಣ್ಣು ತೋರಿಸಿದ್ದೀರಾ ಅಂತ ಕೇಳಿದ್ದೆ, ನಿಜ. ಶಾಲೆಯಲ್ಲಿ ಚಾರ್ಟ್ ಓದಿಸಿದ್ದಾರೆ, ಎಲ್ಲಾ ಸರಿ ಇದೆ ಅಂದಿದ್ದರು. ನಾನು ಅಲ್ಲಿಗೇ ಬಿಟ್ಟಿದ್ದೆ. ಎರಡೂ ಕಣ್ಣು ಬಿಟ್ಟುಕೊಂಡು ಚಾರ್ಟ್ ಓದಿದರೆ ಒಳ್ಳೆಯ ಕಣ್ಣೇ ಎಲ್ಲಾ ಉತ್ತರ ಹೇಳಿಬಿಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಕೇಳಲಿಲ್ಲ.

ಅಲ್ಲೇ ಅವನ ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿದೆ. ಹುಡುಗ ಕೈ ತಳ್ಳಿದ. ಮತ್ತೆ ಮುಚ್ಚಿದೆ, ಮತ್ತೆ ತಳ್ಳಿದ. ಎಡಗಣ್ಣು ಮುಚ್ಚಿದರೆ ಏನೂ ಅನ್ನಲಿಲ್ಲ, ಆಟ ಮುಂದುವರಿಸಿದ. ಇದೇನು ದೊಡ್ಡ ಪರೀಕ್ಷೆ ಅಲ್ಲ. ಆದರೆ ಆ ದಿನವೇ ಕಣ್ಣಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ.

ಸೋಮಾರಿ ಯಾರು

ಆಸ್ಪತ್ರೆಯಲ್ಲಿ ಹನಿ ಹಾಕಿ, ಪಾಪೆ ಹಿಗ್ಗಿಸಿ ನೋಡಿದರು. ಬಲಗಣ್ಣು ಚೆನ್ನಾಗಿತ್ತು. ಎಡಗಣ್ಣಿಗೆ ಪ್ಲಸ್ ಮೂರೂವರೆ ಪವರ್. ಕನ್ನಡಕ ಹಾಕಿದ ಮೇಲೂ ಬಲಗಣ್ಣು 6/6 ಓದಿದರೆ ಎಡಗಣ್ಣು 6/24ಕ್ಕೆ ನಿಂತುಬಿಟ್ಟಿತು. ಅಂದರೆ ಒಳ್ಳೆಯ ಕಣ್ಣು 24 ಮೀಟರ್ ದೂರದಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರಿನಿಂದಷ್ಟೇ ಓದುತ್ತಿತ್ತು. ಆಂಬ್ಲಿಯೋಪಿಯಾ ಅಂದರು. ಜನ ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ತಾಯಿ ಜೂನ್‌ನಲ್ಲಿ ಹೇಳಿದ ಪದವೇ, ಜಾಗ ಮಾತ್ರ ಬೇರೆ.

ಕಣ್ಣು ನಿಜಕ್ಕೂ ಸೋಮಾರಿಯಲ್ಲ. ಎರಡು ಕಣ್ಣಿನ ಪವರ್ ಇಷ್ಟು ಬೇರೆಯಾದಾಗ ಮಿದುಳಿಗೆ ಒಂದು ಸ್ಪಷ್ಟ ಚಿತ್ರ, ಒಂದು ಮಸುಕು ಚಿತ್ರ ಬರುತ್ತದೆ. ಅದು ಸ್ಪಷ್ಟವಾದುದನ್ನು ಇಟ್ಟುಕೊಂಡು ಇನ್ನೊಂದನ್ನು ಪಕ್ಕಕ್ಕೆ ತಳ್ಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ, ಆಮೇಲೆ ಕನ್ನಡಕ ಹಾಕಿ ಚಿತ್ರ ಸ್ಪಷ್ಟ ಮಾಡಿಕೊಟ್ಟರೂ ಮಿದುಳು ಆ ಕಣ್ಣಿನ ಮಾತು ಕೇಳುವುದಿಲ್ಲ. ಮೆಳ್ಳೆಗಣ್ಣು ಇದ್ದರೆ ಮನೆಯವರಿಗೆ ಕಾಣುತ್ತದೆ, ಕರೆದುಕೊಂಡು ಬರುತ್ತಾರೆ. ಪುಟ್ಟುವಿನ ಕಣ್ಣು ನೇರವಾಗೇ ಇತ್ತು. ಅವನೂ ದೂರು ಹೇಳಲಿಲ್ಲ. ಹುಟ್ಟಿದಾಗಿನಿಂದ ಲೋಕ ಹಾಗೇ ಕಂಡಿದೆ, ಏನಂತ ದೂರು ಹೇಳುತ್ತಾನೆ?

ಇದಕ್ಕೂ ಮಣಿಗೂ ಏನು ಸಂಬಂಧ ಅಂತ ತಾಯಿ ಕೇಳಿದರು. ಅವರು ಟೈಲರ್ ಅಲ್ವಾ, ವಿವರಣೆ ಸುಲಭವಾಯಿತು. ಸೂಜಿ ದಾರ ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿ ಪೋಣಿಸಿ ಅಂದೆ. ಇಪ್ಪತ್ತು ವರ್ಷ ಸೂಜಿ ಹಿಡಿದ ಕೈ. ದಾರ ಸೂಜಿಯ ಪಕ್ಕದಲ್ಲೇ ಹಾದು ಹೋಯಿತು. ಮತ್ತೊಮ್ಮೆ. ಮತ್ತೊಮ್ಮೆ. ನಾಲ್ಕನೇ ಸಲಕ್ಕೆ ಅವರು ಸೂಜಿಯನ್ನು ಬೆರಳಿನಿಂದ ತಡವಿ ಕಣ್ಣು ಹುಡುಕಿದರು, ಮಗ ಮಾಡುತ್ತಿದ್ದ ಹಾಗೇ. ಸೂಜಿ ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ದಿನಾ ರಾತ್ರಿ ಹೊಡ್ದಿದೀನಲ್ಲ ಮೇಡಂ" ಅಂದರು.

ಎರಡು ಕಣ್ಣು ಕೊಡುವ ಎರಡು ಸ್ವಲ್ಪ ಬೇರೆ ಚಿತ್ರಗಳನ್ನು ಮಿದುಳು ಒಂದು ಮಾಡಿದಾಗಲೇ ಸೂಕ್ಷ್ಮವಾದ ಆಳ ಗೊತ್ತಾಗುವುದು. ಅದನ್ನು ನೋಡಲು ಆಸ್ಪತ್ರೆಯಲ್ಲಿ ಒಂದು ನೊಣದ ಚಿತ್ರ ತೋರಿಸುತ್ತಾರೆ. ವಿಶೇಷ ಕನ್ನಡಕ ಹಾಕಿಕೊಂಡು ನೋಡಿದರೆ ದೊಡ್ಡ ನೊಣದ ರೆಕ್ಕೆ ಪುಟದಿಂದ ಮೇಲೆ ಎದ್ದು ನಿಂತ ಹಾಗೆ ಕಾಣುತ್ತದೆ. ರೆಕ್ಕೆ ಹಿಡಿ ಅಂದರೆ ಮಕ್ಕಳು ಗಾಳಿಯಲ್ಲಿ ಚಿವುಟುತ್ತಾರೆ. ಪುಟ್ಟು ಬೆರಳನ್ನು ನೇರ ಪುಟಕ್ಕೇ ಒತ್ತಿದ್ದ.

ವೈದ್ಯರ ಯೋಜನೆ ಸರಳ. ಮೊದಲು ಎಂಟು ವಾರ ಬರೀ ಕನ್ನಡಕ. ಆಮೇಲೆ ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ. ಒಳ್ಳೆಯ ಕಣ್ಣನ್ನು ಮುಚ್ಚಿ ಕೆಟ್ಟ ಕಣ್ಣಿನಿಂದ ನೋಡಿಸುವುದು. ಹೇಳಲು ಸುಲಭ. ಆರು ವರ್ಷ ತುಂಬದ ಹುಡುಗನಿಗೆ ಇದು ಶಿಕ್ಷೆ.

ಮಾವನ ಚೀಲ

ಕನ್ನಡಕದ ಎಂಟು ವಾರದಲ್ಲಿ ಮಾವ ಊರಿಗೆ ಬಂದರು. ಚೀಲದಲ್ಲಿ ಮಣಿ, ಬೆರಳಲ್ಲಿ ತಿರುಗಿಸುವ ಪುಟ್ಟ ಬುಗುರಿ, ಒಂದರ ಮೇಲೊಂದು ಜೋಡಿಸುವ ಬಳೆ ಗೋಪುರ, ಬಣ್ಣ ಹಚ್ಚದ ಮರದ ತುಂಡುಗಳು. ನನ್ನ ಹತ್ತಿರ ತಂದು ಸುರಿದರು. "ಇದ್ರಲ್ಲಿ ಯಾವ್ದು ಆಗತ್ತೆ ನೋಡಿ ಮೇಡಂ" ಅಂದರು.

ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಜನ ಬಣ್ಣ ನೋಡಿ ಮಾತಾಡುತ್ತಾರೆ. ನನ್ನ ಕೆಲಸಕ್ಕೆ ಅದರ ತೂಕ ಮುಖ್ಯ. ಈ ಗೊಂಬೆ ಮಾಡುವ ಆಲೆ ಮರ ಮೆತ್ತಗೆ, ನಯ, ಆದರೆ ಪ್ಲಾಸ್ಟಿಕ್ಕಿನಷ್ಟು ಹಗುರ ಅಲ್ಲ. ಕೈಯಲ್ಲಿ ಇದ್ದದ್ದು ಕೈಗೆ ಗೊತ್ತಾಗುತ್ತದೆ. ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಬ್ರಷ್ಷಿನಿಂದ ಬಳಿದ ಪೇಂಟಿನ ಥರ ಚಕ್ಕೆ ಚಕ್ಕೆಯಾಗಿ ಏಳುವುದಿಲ್ಲ. ಎಲ್ಲವನ್ನೂ ಬಾಯಿಗೆ ಹಾಕುವ ತಂಗಿ ಇರುವ ಮನೆಯಲ್ಲಿ ಇದು ಚಿಕ್ಕ ವಿಷಯವಲ್ಲ.

ಹಾಗಂತ ಚನ್ನಪಟ್ಟಣ ಅಂತ ಹೇಳಿ ಮಾರುವುದೆಲ್ಲ ಅರಗಿನದ್ದೇ ಅಂತ ನಂಬಬೇಡಿ. ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ಎಲ್ಲಾ ಥರದ ಸರಕೂ ಸಿಗುತ್ತದೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ನೋಂದಣಿ ಆದ ಕರಕುಶಲ ಕೆಲಸಗಾರರು ಮಾಡಿ ಮಾರುವುದಕ್ಕೂ, ಜಿಐ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ನೋಂದಣಿಯವರ ಆಟಿಕೆಗಳಿಗೂ ವಿನಾಯಿತಿ ಇದೆ. ಅಂದರೆ ನಿಜವಾದ ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಇರದೆಯೂ ಇರಬಹುದು. ಹಾಗಾಗಿ ಮಾಡಿದವರನ್ನೇ ಕೇಳಿ ತರುವುದು ಒಳ್ಳೆಯದು. ನಮಗೆ ಮಾವ ಇದ್ದರು.

ತಂಗಿಯ ವಿಷಯ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಬಿಡಿ ಭಾಗಗಳು ಗಂಟಲಿಗೆ ಸಿಗುವಷ್ಟು ಸಣ್ಣದಿವೆಯೇ ಅಂತ ನೋಡಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿದರೆ ಆ ವಯಸ್ಸಿಗೆ ಬೇಡ. ನಮ್ಮ ಮಣಿಗಳೆಲ್ಲಾ ಇಳಿದವು. ಹುಣಸೆ ಬೀಜ ಕೇಳುವುದೇ ಬೇಡ. ಅದಕ್ಕೆ ಒಂದು ಕಟ್ಟುನಿಟ್ಟು ಮಾಡಿದೆವು. ಪುಟ್ಟು ಮಂಚದ ಮೇಲೆ, ಅಂಚು ಎತ್ತರದ ತಟ್ಟೆಯಲ್ಲೇ ಆಡಬೇಕು. ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಬೇಕು. ತಂಗಿಗೆ ದೊಡ್ಡ ಬಳೆ ಗೋಪುರ. ಎಣಿಸುವ ಕೆಲಸ ಪುಟ್ಟುವಿನದು. ಒಂದು ದಿನ ಒಂದು ಬೀಜ ಕಡಿಮೆ ಬಂತು ಅಂತ ಇಡೀ ಮನೆ ಹಾಸಿಗೆ ಕೊಡವಿತು. ಸಿಕ್ಕಿದ್ದು ಅವನ ಜೇಬಿನಲ್ಲೇ.

ಪಟ್ಟಿಯ ಎರಡು ಗಂಟೆ

ಪಟ್ಟಿ ಶುರುವಾದದ್ದು ದಸರೆಗೆ ಸ್ವಲ್ಪ ಮೊದಲು. ಮೊದಲ ಮೂರು ದಿನ ಕಿತ್ತು ಎಸೆದ. ಸಹಜವೇ. ನಾವು ಅವನ ಒಳ್ಳೆಯ ಕಣ್ಣು ಕಸಿದುಕೊಂಡಿದ್ದೆವು. ಬೈಯಬೇಡಿ, ಆ ಎರಡು ಗಂಟೆಗೆ ಕೆಲಸ ತುಂಬಿ ಅಂದೆ. ಸಂಜೆ ಐದರಿಂದ ಏಳು.

ಮೊದಲ ವಾರವೇ ಒಂದು ತೊಡಕು. ಚಳಿಗೆ ಬೆಂಕಿ ಕಾಯಿಸುವ ಹಾಗೆ ಎಲ್ಲರೂ ಟ್ಯೂಬ್‌ಲೈಟಿನ ಕೆಳಗೆ ಕೂರುತ್ತಿದ್ದರು. ಅರಗಿನ ಹೊಳಪಿನ ಮೇಲೆ ಆ ಬೆಳಕು ಬಿದ್ದು ಬಿಳಿ ಚುಕ್ಕೆ ಹೊಳೆಯುತ್ತಿತ್ತು. ಮಸುಕಾಗಿ ಕಾಣುವ ಕಣ್ಣಿಗೆ ತೂತು ಯಾವುದು, ಹೊಳಪು ಯಾವುದು? ಹುಡುಗ ಹೊಳಪಿಗೆ ಲೇಸು ಚುಚ್ಚುತ್ತಿದ್ದ. ಜಾಗ ಬದಲಿಸಿ ಕಿಟಕಿ ಪಕ್ಕ ಕೂರಿಸಿದರು. ತಟ್ಟೆಗೆ ಅಮ್ಮನ ಬುಟ್ಟಿಯ ಕಪ್ಪು ಲೈನಿಂಗ್ ಬಟ್ಟೆ ಹಾಸಿದರು. ಹಳದಿ ಮಣಿ ಮಾತ್ರ ಇಟ್ಟುಕೊಂಡೆವು. ಲೇಸಿನ ತುದಿಗೆ ಕೆಂಪು ಟೇಪು ಸುತ್ತಿದೆವು. ಮಾವ ನಮಗಾಗಿ ಹೊಳಪು ಕೊಡದ ಒಂದಿಷ್ಟು ಮಣಿ ಮಾಡಿಕೊಟ್ಟರು. ಅಂಗಡಿಯಲ್ಲಿ ಅವನ್ನು ಯಾರೂ ಕೊಳ್ಳುವುದಿಲ್ಲ, ನೋಡಲು ಸಪ್ಪೆ. ಪುಟ್ಟುವಿಗೆ ಅವೇ ಬೇಕಿತ್ತು.

ಇಪ್ಪತ್ತೈದು ಮಿಲಿಮೀಟರಿನ ಮಣಿಯಿಂದ ಹದಿನೆಂಟಕ್ಕೆ, ಅಲ್ಲಿಂದ ಹನ್ನೆರಡಕ್ಕೆ ಇಳಿದೆವು. ಪ್ರತಿ ಸಲ ಇಳಿಯುವ ಮೊದಲು ಒಂದು ನಿಯಮ: ತೂತನ್ನು ಬೆರಳಿನಿಂದ ಹುಡುಕದೆ ಹತ್ತು ಮಣಿ. ಬೆರಳು ಕಳ್ಳತನದಿಂದ ಬಂದರೆ ಅಜ್ಜಿ "ಆ, ಬಂತು ಕಳ್ಳ ಬೆಳ್ಳು" ಅನ್ನುತ್ತಿದ್ದರು. ಅವನು ನಗುತ್ತಾ ಬೆರಳು ಮಡಚುತ್ತಿದ್ದ. ನಾನು ಹೇಳಿಕೊಟ್ಟ ಯಾವ ಸೂಚನೆಗಿಂತಲೂ ಈ ಕಳ್ಳ ಬೆಳ್ಳು ಚೆನ್ನಾಗಿ ಕೆಲಸ ಮಾಡಿತು.

ಆದರೆ ಪಟ್ಟಿ ಇರುವಾಗ ಒಂದೇ ಕಣ್ಣು. ಆಳದ ಅಂದಾಜು ಕಲಿಯಲು ಎರಡೂ ಬೇಕು. ಹಾಗಾಗಿ ಏಳು ಗಂಟೆಗೆ ಪಟ್ಟಿ ತೆಗೆದ ಮೇಲೆ ಹದಿನೈದು ನಿಮಿಷ ಅದೇ ಮಣಿ, ಬೇರೆ ಆಟ. ಅಮ್ಮ ಲೇಸನ್ನು ಗಾಳಿಯಲ್ಲಿ ನೇತುಬಿಡಬೇಕು, ಅವನು ಮಣಿಯನ್ನು ಕೆಳಗಿನಿಂದ ತೂರಿಸಬೇಕು. ಯಾವುದಕ್ಕೂ ಕೈ ಊರುವ ಹಾಗಿಲ್ಲ. ಪಟ್ಟಿ ಇರುವಾಗ ಮೆಟ್ಟಿಲು ಇಳಿಯುವುದು, ಸೈಕಲ್ಲು, ಬಿಸಿ ಪಾತ್ರೆ ಎಲ್ಲಾ ಬಂದ್.

ಅಳಗುಳಿ ಮಣೆ ಅಜ್ಜಿಯ ಅಟ್ಟದಿಂದ ಇಳಿಯಿತು. ಕರಾವಳಿಯವರು ಚೆನ್ನೆಮಣೆ ಅನ್ನುವುದು ಇದನ್ನೇ. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿಯ ಬೀಜವನ್ನೆಲ್ಲಾ ಮುಷ್ಟಿಯಲ್ಲಿ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದೇ ಉದುರಿಸುತ್ತಾ ಹೋಗಬೇಕು. ಜೂನ್‌ನಲ್ಲಿ ನಾನು ಡಬ್ಬಿ ಇಟ್ಟು ಮಾಡಿಸಿದ ಪರೀಕ್ಷೆಯೇ ಇದು. ಅಂಗೈಯಿಂದ ಬೆರಳ ತುದಿಗೆ ಒಂದು ವಸ್ತುವನ್ನು, ಉಳಿದವು ಬೀಳದ ಹಾಗೆ, ಅದೇ ಕೈಯಿಂದ ತರುವುದು. ಇದನ್ನು ಕಲಿಸಲು ನಮ್ಮಲ್ಲಿ ಕಾಸು ಹಾಕುವ ಡಬ್ಬಿ, ಗುಂಡಿ ಡಬ್ಬಿ ಅಂತ ಏನೇನೋ ಇಟ್ಟುಕೊಂಡಿರುತ್ತೇವೆ. ಐದು ನಿಮಿಷಕ್ಕೆ ಮಕ್ಕಳಿಗೆ ಬೇಜಾರು. ಅಜ್ಜಿಯನ್ನು ಸೋಲಿಸುವ ಆಸೆಗೆ ಪುಟ್ಟು ಮುಕ್ಕಾಲು ಗಂಟೆ ಕೂರುತ್ತಿದ್ದ. ಅಜ್ಜಿ ಎರಡೂ ಕೈ ಬಳಸಲು ಬಿಡುತ್ತಿರಲಿಲ್ಲ. ಮೋಸ ಮಾಡಿದರೆ ಆಟ ಬಂದ್. ಬಳಸಿದ್ದು ಕಪ್ಪು ಬೀಜ, ಮಣೆ ಕಂದು. ಮೊದಲ ವಾರ ಬೀಜ ಕಾಣದೆ ಪರದಾಡಿದ. ಗುಳಿಗಳಿಗೆ ಸುಣ್ಣ ಬಳಿದರು, ಸರಿಹೋಯಿತು.

ಬುಗುರಿ ಎರಡು ಥರ ಬಂತು. ಚಾಟಿ ಸುತ್ತಿ ಎಸೆಯುವುದು ಬೇಡ ಅಂದಿದ್ದೆ, ಅಪ್ಪ ಆಸೆಗೆ ತಂದರು. ಅದು ತಂಗಿಯ ಕಾಲಿನ ಪಕ್ಕದಲ್ಲೇ ಬಿದ್ದು ಅಟ್ಟ ಸೇರಿತು. ಬೆರಳ ಬುಗುರಿ ಉಳಿಯಿತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಪೆನ್ಸಿಲ್ ಹಿಡಿಯುವ ಮೂರೂ ಬೆರಳಿಗೆ ಅದರಲ್ಲಿ ಕೆಲಸ. ಮಣಿಕಟ್ಟು ತಿರುಗಿಸಿದರೆ ಬುಗುರಿ ಮಲಗುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ, ಬುಗುರಿಯೇ ಹೇಳುತ್ತದೆ.

ರಂಗೋಲಿಗೆ ಅಜ್ಜಿ ಒಪ್ಪಲಿಲ್ಲ. "ಗಂಡ್ ಐಕ್ಳು ರಂಗೋಲೆ ಬುಡ್ತಾವಾ?" ಅಂದರು. ಸರಿ ಬಿಡಿ, ಪುಡಿ ಬೇಡ, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಡಿ, ಅವನು ಸೇರಿಸಲಿ ಅಂದೆ. ಮೂರು ಸಾಲು ಮೂರು ಚುಕ್ಕಿ. ಎದುರಿಗೆ ಅಜ್ಜಿಯ ಮಾದರಿ, ಪಕ್ಕದಲ್ಲಿ ಇವನದು. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಹೋಗಿದೆ ಅಂತ ನೋಡಿ, ನೆನಪಿಟ್ಟು, ತನ್ನ ಚುಕ್ಕಿಗಳಲ್ಲಿ ಅದೇ ಜಾಗ ಹುಡುಕಬೇಕು. ಕಪ್ಪುಹಲಗೆಯಿಂದ ಪುಸ್ತಕಕ್ಕೆ ನೋಡಿ ಬರೆಯುವುದೂ ಇದೇ ಕೆಲಸ ಅಲ್ವಾ? ಎರಡು ವಾರ ಕಳೆದ ಮೇಲೆ ಅಜ್ಜಿಯೇ ಪುಡಿ ಬಟ್ಟಲು ಕೈಗೆ ಕೊಟ್ಟರಂತೆ. ಹೊರಗೆ ಅಂಗಳದಲ್ಲಲ್ಲ, ಹಿತ್ತಲಲ್ಲಿ.

ದಸರೆಗೆ ಗೊಂಬೆ ಕೂರಿಸುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ, ಪಕ್ಕದ ಮನೆಯಲ್ಲಿತ್ತು. ಅಮ್ಮ ಕೇಳಿಕೊಂಡು ಪುಟ್ಟುವನ್ನು ಪಟ್ಟಿ ಸಮೇತ ಅಲ್ಲಿಗೆ ಕಳಿಸಿದರು. ಬೆಸ ಸಂಖ್ಯೆಯ ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ, ಕೆಳಗೆ ಸೆಟ್ಟಿ ಅಂಗಡಿ, ಮದುವೆ ದಿಬ್ಬಣ. ದಿಬ್ಬಣದ ಓಲಗದವರನ್ನು ಎತ್ತರದ ಪ್ರಕಾರ ನಿಲ್ಲಿಸುವುದು ಅವನ ಪಾಲಿಗೆ ಬಂತು. ಇಬ್ಬರನ್ನು ಬೀಳಿಸಿದ, ಒಬ್ಬನ ಕೊಂಬು ಮುರಿಯಿತು. ಆ ಮನೆಯವರು ದೊಡ್ಡ ಮನಸ್ಸಿನವರು, ಫೆವಿಕಾಲ್ ಹಾಕಿ ಅಂಟಿಸಿದರು. ಸಾಮಾನಿನ ರಾಶಿಯ ನಡುವೆ ಒಂದು ಚಿಕ್ಕ ತಕ್ಕಡಿ ಹುಡುಕಿ ತೆಗೆದವನು ಮಾತ್ರ ಇವನೇ. ಆ ಸುದ್ದಿಯನ್ನು ನನಗೆ ಮೂರು ಸಲ ಹೇಳಿದ.

ಕೈಕೊಟ್ಟದ್ದೂ ಇದೆ. ಆನ್‌ಲೈನಿನಲ್ಲಿ ತರಿಸಿದ ದುಬಾರಿ 'ಬುದ್ಧಿ ಬೆಳೆಸುವ' ಪುಸ್ತಕವೊಂದು, ಅಂಟಿಸಿ ಕೀಳುವ ಚಿತ್ರಗಳದ್ದು, ನಾಲ್ಕೇ ದಿನಕ್ಕೆ ಮೂಲೆ ಸೇರಿತು. ಎಲ್ಲಾ ಒಂದೇ ಸಲಕ್ಕೆ ಸರಿಯಾಗಿ ಕೂರುತ್ತಿತ್ತು, ಹಾಗಾದರೆ ಆಟ ಎಲ್ಲಿ? ಸೈಕಲ್ ವಾಲ್ ಟ್ಯೂಬಿನ ತುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ಮನೆ, ಗೋಪುರ ಕಟ್ಟುವುದು ನನಗೆ ತುಂಬಾ ಇಷ್ಟ. ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರು ಜನಪ್ರಿಯ ಮಾಡಿದ ಆಟ ಅದು. ಅದನ್ನೂ ಕೊಟ್ಟೆ. ಟ್ಯೂಬಿನ ತೂತು ತೀರಾ ಸಣ್ಣದು, ಟ್ಯೂಬು ಕಪ್ಪು, ತೂತೂ ಕಪ್ಪು. ಪುಟ್ಟು ಅತ್ತ. ತಪ್ಪು ಆಟದ್ದಲ್ಲ, ನಾನು ಮೂರು ತಿಂಗಳು ಮುಂಚೆ ಕೊಟ್ಟಿದ್ದೆ. ಫೆಬ್ರವರಿಯಲ್ಲಿ ಅದೇ ಟ್ಯೂಬಿನಲ್ಲಿ ಬಸ್ ಸ್ಟ್ಯಾಂಡ್ ಕಟ್ಟಿದ.

ಲೆಕ್ಕ

ಎಂಟು ವಾರದ ಕನ್ನಡಕದ ನಂತರ ಎಡಗಣ್ಣು 6/18. ನಾಲ್ಕು ತಿಂಗಳ ಪಟ್ಟಿಯ ನಂತರ, ಜನವರಿ ಕೊನೆಗೆ, 6/9. ಮಾರ್ಚ್‌ನಲ್ಲಿ ಹನ್ನೆರಡು ಮಿಲಿಮೀಟರಿನ ಹತ್ತು ಮಣಿಗೆ ಒಂದೂವರೆ ನಿಮಿಷ, ಕಳ್ಳ ಬೆಳ್ಳು ಇಲ್ಲದೆ. ಐದು ಬೀಜದಲ್ಲಿ ಐದೂ ಡಬ್ಬಿಗೆ. ಚೌಕಕ್ಕೆ ಮೂಲೆ ಬಂದಿದೆ, ತ್ರಿಕೋನ ಬಂದಿದೆ. ಗುಂಡಿ ತಾನೇ ಹಾಕುತ್ತಾನೆ, ಕಾಲರಿನ ಹತ್ತಿರದ್ದು ಬಿಟ್ಟು.

ಇದರಲ್ಲಿ ಗೊಂಬೆಯ ಪಾಲು ಎಷ್ಟು? ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು. ಅಮೆರಿಕದ ಮಕ್ಕಳ ಕಣ್ಣಿನ ಸಂಶೋಧಕರ ಒಂದು ಗುಂಪು 2003ರಲ್ಲಿ 7 ವರ್ಷದೊಳಗಿನ 189 ಮಕ್ಕಳ ಅಧ್ಯಯನವನ್ನು ಪ್ರಕಟಿಸಿತು. ಮಧ್ಯಮ ಮಟ್ಟದ ಆಂಬ್ಲಿಯೋಪಿಯಾಗೆ ದಿನಕ್ಕೆ 2 ಗಂಟೆ ಪಟ್ಟಿ ಹಾಕಿದರೂ 6 ಗಂಟೆ ಹಾಕಿದರೂ ನಾಲ್ಕು ತಿಂಗಳಲ್ಲಿ ಫಲ ಒಂದೇ ಅಂತ ಅದರಲ್ಲಿ ಕಂಡಿತು. ನಮ್ಮ ವೈದ್ಯರು ಎರಡೇ ಗಂಟೆ ಅಂದದ್ದಕ್ಕೆ ಹಿನ್ನೆಲೆ ಅದು. ಅದೇ ಗುಂಪು 2008ರಲ್ಲಿ 400ಕ್ಕೂ ಹೆಚ್ಚು ಮಕ್ಕಳಲ್ಲಿ ಇನ್ನೊಂದು ವಿಷಯ ನೋಡಿತು. ಪಟ್ಟಿ ಇರುವಾಗ ಹತ್ತಿರದ ಕೆಲಸ ಮಾಡಿಸಿದರೆ ಕಣ್ಣು ಬೇಗ ಸುಧಾರಿಸುತ್ತದೆಯೇ, ದೂರದ್ದು ನೋಡುವುದಕ್ಕಿಂತ? ಇಲ್ಲ. ವ್ಯತ್ಯಾಸ ಕಾಣಲಿಲ್ಲ.

ಅಂದರೆ ಪುಟ್ಟುವಿನ ಕಣ್ಣು 6/9ಕ್ಕೆ ಬಂದದ್ದು ಕನ್ನಡಕ ಮತ್ತು ಪಟ್ಟಿಯಿಂದ. ಮಣಿಯಿಂದಲ್ಲ. ಅವನು ಆ ಹೊತ್ತಿನಲ್ಲಿ ತೆಂಗಿನ ಮರದ ಗಿಳಿ ಎಣಿಸಿದ್ದರೂ ಕಣ್ಣು ಹೀಗೇ ಸುಧಾರಿಸುತ್ತಿತ್ತೇನೋ. ಇದನ್ನು ಮಾವನಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಬಾಡಿತು. ಆದರೆ ಪಟ್ಟಿ ಪೆಟ್ಟಿಗೆಯಲ್ಲಿದ್ದರೆ ಕೆಲಸ ಮಾಡುವುದಿಲ್ಲ, ಕಣ್ಣಿನ ಮೇಲೆ ಇರಬೇಕು. ಮೊದಲ ವಾರ ದಿನಕ್ಕೆ ಅರ್ಧ ಗಂಟೆಯೂ ನಿಲ್ಲದ ಪಟ್ಟಿ, ಅಳಗುಳಿ ಮಣೆ ಬಂದ ಮೇಲೆ ಎರಡು ಗಂಟೆ ನಿಂತಿತು. ಅಮ್ಮ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿದ್ದರು, ಅದು ನನ್ನ ಹತ್ತಿರ ಇದೆ. ಕೈಯ ಚಳಕದ ಮಟ್ಟಿಗೆ ನಾನು ಗೊಂಬೆಗೇ ಅಂಕ ಕೊಡುತ್ತೇನೆ. ಕಣ್ಣು ಸರಿಯಾಗುವವರೆಗೆ ಅವನು ಸಣ್ಣ ಕೆಲಸದಿಂದ ತಪ್ಪಿಸಿಕೊಂಡೇ ಬೆಳೆದಿದ್ದ. ಕೈಗೆ ಕಲಿಯಲು ಸಂದರ್ಭವೇ ಸಿಕ್ಕಿರಲಿಲ್ಲ. ಒಂಬತ್ತು ತಿಂಗಳು ಅವನು ಸುಮ್ಮನೆ ದೊಡ್ಡವನೂ ಆದ, ಅದರ ಪಾಲೂ ಇದೆ. ಒಬ್ಬ ಹುಡುಗನ ಕಥೆಯಲ್ಲಿ ಇವನ್ನೆಲ್ಲಾ ಬಿಡಿಸಿ ತೂಗಲು ಆಗುವುದಿಲ್ಲ.

ಬರವಣಿಗೆ ಪೂರ್ತಿ ಸರಿಹೋಗಿಲ್ಲ. ಡಿಸೆಂಬರಿನಲ್ಲಿ ಮತ್ತೆ ಪೆನ್ಸಿಲ್ ಕೊಟ್ಟೆವು, ದಿನಕ್ಕೆ ಎರಡೇ ಸಾಲು. ಕನ್ನಡದ ಅಕ್ಷರ ದುಂಡಗಿದೆ, ನೋಡಲು ಮುದ್ದು. ಸಣ್ಣ ಗೆರೆಗಳನ್ನು ಗಮನಿಸಿ ರೂಢಿಯಿಲ್ಲದವನಿಗೆ ಅದು ಸುಲಭವಲ್ಲ. 'ದ'ಗೂ 'ಧ'ಗೂ, 'ಬ'ಗೂ 'ಭ'ಗೂ, 'ಡ'ಗೂ 'ಢ'ಗೂ ನಡುವೆ ಇರುವುದು ಹೊಟ್ಟೆಯ ಕೆಳಗೆ ಒಂದು ಸಣ್ಣ ಸೀಳು. 'ಪ'ದ ಒಳಗೆ ಒಂದು ಗೆರೆ ಹೋದರೆ 'ಷ'. ಪುಟ್ಟು ಈಗಲೂ ಸೀಳು ಮರೆಯುತ್ತಾನೆ. ಆದರೆ ತೋರಿಸಿದರೆ ಕಾಣುತ್ತದೆ. ಜೂನ್‌ನಲ್ಲಿ ತೋರಿಸಿದರೂ ಎರಡೂ ಒಂದೇ ಅನ್ನುತ್ತಿದ್ದ. ಗೆರೆಯ ಮೇಲೆ ಕೂರುವುದು ಕಲಿತಿದ್ದಾನೆ, ಒತ್ತಕ್ಷರಕ್ಕೆ ಇನ್ನೂ ಜಾಗ ಸಾಲದು. ಶಾಲೆಯವರಿಗೆ ಎರಡು ಮಾತು ಕೇಳಿಕೊಂಡೆವು: ಮುಂದಿನ ಬೆಂಚು, ಅಗಲ ಗೆರೆಯ ಪುಸ್ತಕ. ಎರಡೂ ಮಾಡಿಕೊಟ್ಟರು. ಪಟ್ಟಿಯನ್ನು ವೈದ್ಯರು ಒಮ್ಮೆಲೇ ನಿಲ್ಲಿಸಿಲ್ಲ, ನಿಧಾನವಾಗಿ ಇಳಿಸುತ್ತಿದ್ದಾರೆ. ಬಿಟ್ಟ ಮೇಲೆ ಕಣ್ಣು ಮತ್ತೆ ಹಿಂದೆ ಬೀಳುವುದುಂಟು, ಅದಕ್ಕೆ ತಪಾಸಣೆ ನಡೆಯುತ್ತಲೇ ಇರಬೇಕು.

ಮಾರ್ಚ್ ತಪಾಸಣೆಗೆ ನಾನು ಹೋಗಿರಲಿಲ್ಲ. ಸಂಜೆ ತಾಯಿ ಫೋನ್ ಮಾಡಿದರು. ಮತ್ತೆ ಅದೇ ನೊಣದ ಚಿತ್ರ ತೋರಿಸಿದರಂತೆ. ರೆಕ್ಕೆ ಹಿಡಿ ಪುಟ್ಟಾ ಅಂದರಂತೆ. ಇವನು ಹೆಬ್ಬೆರಳು ತೋರುಬೆರಳು ಚಾಚಿ, ಪುಟದಿಂದ ಒಂದಿಷ್ಟು ಮೇಲೆ, ಗಾಳಿಯಲ್ಲೇ ಚಿವುಟಿದನಂತೆ. ಇನ್ನೊಮ್ಮೆ ಚಿವುಟಿ ಸಿಟ್ಟಿನಿಂದ ಅಮ್ಮನ ಕಡೆ ತಿರುಗಿ "ಇಲ್ಲೇ ಐತೆ, ಸಿಗ್ತಾನೇ ಇಲ್ಲ" ಅಂದನಂತೆ.